ಡಾಕ್ಟರಿಗೆ ಹೇಳದ ತಂಬುಳಿ

ಮೂವತ್ತೊಂದು ವರ್ಷ ಹೊಸನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಸೂಕ್ಷ್ಮಜೀವಿಗಳ ಪಾಠ ಬಂತೆಂದರೆ ನನ್ನ ಅಬ್ಬರ ಹೇಳತೀರದು. ಉಗುರು ಬೆಳೆಸಿದವರಿಗೆ ಬೈಗುಳ, ಕೈ ತೊಳೆಯದೆ ಬಿಸಿಯೂಟಕ್ಕೆ ಕೂತವರನ್ನು ಸಾಲಿನಿಂದ ಎಬ್ಬಿಸಿ ಕಳಿಸುವುದು, ಎಲ್ಲ ಇತ್ತು. ಅಂಥವನು ಮಾಡಿದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುವುದಿಲ್ಲ. ತಂಗಿ ಬೇಡ ಅಂದಳು ಎಂದು ಸಬೂಬು ಹೇಳಬಹುದಿತ್ತು, ಆದರೆ ಅವಳನ್ನು ಕೇಳಿಯೇ ಇಲ್ಲ. ಹೆಸರು ಹಾಕುವ ಧೈರ್ಯ ನನಗಿಲ್ಲ, ಅಷ್ಟೆ.

ನಾವು ಇಬ್ಬರೇ ಮಕ್ಕಳು. ಬೆಳೆದದ್ದು ತೀರ್ಥಹಳ್ಳಿಯಲ್ಲಿ, ಅಪ್ಪನ ಸೈಕಲ್ ರಿಪೇರಿ ಅಂಗಡಿಯ ಹಿಂದಿದ್ದ ಎರಡು ಕೋಣೆಗಳಲ್ಲಿ. ತಂಗಿ ನನಗಿಂತ ಏಳು ವರ್ಷ ಚಿಕ್ಕವಳು. ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಅಲ್ಲಿಂದ ಅವಳ ಜಡೆ, ಪುಸ್ತಕ, ಜ್ವರ, ಕೊನೆಗೆ ಮದುವೆ ಎಲ್ಲದರಲ್ಲೂ ನನ್ನದೇ ಕಾರುಬಾರು. ನಾನು ಹೇಳಿದ್ದೇ ಆಗಬೇಕು. ಅವಳೂ ಎದುರಾಡುತ್ತಿರಲಿಲ್ಲ. ಅದನ್ನು ನಾನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೂ ಇದ್ದಿರಬೇಕು, ಆದರೆ ಅಭ್ಯಾಸವೇ ಹೆಚ್ಚಿತ್ತು ಎಂದು ಈಗ ಅನ್ನಿಸುತ್ತದೆ.

ಅವಳನ್ನು ಸಾಗರಕ್ಕೆ ಕೊಟ್ಟೆವು. ಭಾವನದು ಪುಸ್ತಕ ಬೈಂಡಿಂಗ್ ಅಂಗಡಿ. ಮನೆಯಲ್ಲಿ ಭಾವನ ತಾಯಿ ಇದ್ದಾರೆ, ಗಟ್ಟಿ ಹೆಂಗಸು. ತಂಗಿ ಆ ಮನೆಯ ಅಡುಗೆಮನೆಯನ್ನು ಇಪ್ಪತ್ತೈದು ವರ್ಷ ನಡೆಸಿದಳು. ನೆಂಟರಿಷ್ಟರೆಲ್ಲ ಅವಳ ಕೈರುಚಿಯನ್ನು ಹೊಗಳುತ್ತಿದ್ದರು. ಅತ್ತೆಗೂ ಅದರಲ್ಲಿ ಹೆಮ್ಮೆ ಇತ್ತು.

ಅವಳಿಗೆ ನಲವತ್ತೊಂಬತ್ತಾದಾಗ ಸುಸ್ತು ಶುರುವಾಯಿತು. ಒಂದು ಕಡುಬು ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿತು ಅನ್ನುವಳು. ಎಡಪಕ್ಕೆಯ ಕೆಳಗೆ ಏನೋ ಭಾರ. ಸಂಜೆ ಸಣ್ಣ ಜ್ವರ. ನಮ್ಮ ಕಡೆ ಬೇಸಿಗೆಯಲ್ಲಿ ಜ್ವರ ಬಂದರೆ ಎಲ್ಲರ ತಲೆಗೂ ಮೊದಲು ಹೊಳೆಯುವುದು ಮಂಗನ ಕಾಯಿಲೆ. ಎರಡು ಸಲ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿದರು, ಅದಲ್ಲ ಎಂದು ಬಂತು. ಆಮೇಲೆ ನಾನು ಫೋನಿನಲ್ಲೇ ರೋಗ ಪತ್ತೆ ಮಾಡಿದೆ. "ಗ್ಯಾಸ್ಟ್ರಿಕ್ ಕಣೇ ಅದು. ಹೊತ್ತು ಹೊತ್ತಿಗೆ ಉಣ್ಣಲ್ಲ ನೀನು." ನನ್ನ ಮಾತು ನಂಬಿ ಮೂರು ತಿಂಗಳು ಕಳೆದಳು. ನಾಚಿಕೆಪಡಬೇಕಾದ ಮೊದಲನೆಯದು ಇದು. ಮುಂದಿನದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಕೊನೆಗೆ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ಎಳೆದರೆ ಏನೂ ಬರಲಿಲ್ಲ. ಎರಡನೇ ಸಲವೂ ಸಿರಿಂಜು ಒಣಗಿಯೇ ಇತ್ತು. ಆಮೇಲೆ ಮೂಳೆಯದೇ ಒಂದು ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಡಾಕ್ಟರು ನಮ್ಮನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ರಕ್ತ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಇವಳ ಮಜ್ಜೆಯ ತುಂಬ ಗಾಯ ಮಾಗಿದ ಮೇಲೆ ಉಳಿಯುವಂಥ ಕಲೆ, ನಾರುನಾರಾಗಿ ಹೆಣೆದುಕೊಂಡಿದೆ. ರಕ್ತದ ಕಣಗಳು ಹುಟ್ಟಲು ಜಾಗವಿಲ್ಲ. ಆ ಕೆಲಸವನ್ನು ಹೊಟ್ಟೆಯ ಎಡಗಡೆಯಿರುವ ಗುಲ್ಮ ಮೈಮೇಲೆ ಹಾಕಿಕೊಂಡು ಊದಿದೆ, ಪಕ್ಕೆಯ ಭಾರ ಅದರದೇ. ಮಾತ್ರೆ ಕೊಟ್ಟರೆ ಗುಲ್ಮ ಇಳಿಯುತ್ತದೆ, ಸುಸ್ತು ಕಡಿಮೆಯಾಗುತ್ತದೆ, ಆದರೆ ಕಾಯಿಲೆ ಹೋಗುವುದಿಲ್ಲ. ಬುಡದಿಂದ ಹೋಗಬೇಕಾದರೆ ರಕ್ತ ಹುಟ್ಟಿಸುವ ಕಾಂಡಕೋಶವನ್ನು ಬೇರೆಯವರಿಂದ ತೆಗೆದು ಹಾಕಬೇಕು, ಹಾಕಿದರೂ ಎಲ್ಲರಿಗೂ ಹಿಡಿಯುವುದಿಲ್ಲ.

"ಹತ್ತು ಜನರಲ್ಲಿ ಎಷ್ಟು ಜನಕ್ಕೆ ಸರಿಹೋಗುತ್ತೆ?" ಎಂದು ಕೇಳಿದೆ. ಮೇಷ್ಟ್ರಲ್ಲವೇ, ಅಂಕ ಬೇಕು.

"ಅಂಕೆ ಹೇಳಬಹುದು. ಆದರೆ ನಿಮ್ಮ ತಂಗಿ ಒಬ್ಬರೇ ಅಲ್ಲವಾ? ಅವರಿಗೆ ಆದರೆ ಪೂರ್ತಿ, ಆಗದಿದ್ದರೆ ಇಲ್ಲ" ಎಂದರು. ಕಲೆ ತುಂಬಿದ ಮಜ್ಜೆಯಲ್ಲಿ ಹೊಸ ಕಣ ಬೇರುಬಿಡಲು ತಡವಾಗುತ್ತದೆ, ಹಿಡಿದ ಮೇಲೂ ಹೊಸ ಕಣಗಳು ಅವಳ ದೇಹವನ್ನೇ ಪರಕೀಯವೆಂದು ಹಿಡಿದು ಕಾದಾಡಬಹುದು, ಎಲ್ಲಕ್ಕಿಂತ ದೊಡ್ಡ ಭಯ ಸೋಂಕು ಎಂದರು. ಸೋಂಕು ಎಂಬ ಮಾತಿಗೆ ನಾನು ತಲೆಯಾಡಿಸಿದೆ, ನನಗೆ ಗೊತ್ತಿಲ್ಲದ್ದೇ ಎಂಬಂತೆ.

ನನ್ನ ಕಾಂಡಕೋಶ ಅವಳಿಗೆ ಪೂರ್ತಿ ಹೊಂದಿತು; ರಕ್ತದ ಗುಂಪು ಬೇರೆಯಾದರೂ ಅದು ಅಡ್ಡಿಯಲ್ಲವಂತೆ. ಆ ವರದಿ ಬಂದ ದಿನ ನಾನು ಉಬ್ಬಿಹೋದೆ. ನಾಲ್ಕೈದು ದಿನ ಚುಚ್ಚುಮದ್ದು ತೆಗೆದುಕೊಂಡೆ, ಬೆನ್ನುಮೂಳೆ ಸೊಂಟವೆಲ್ಲ ಕಳಚಿಹೋದ ಹಾಗೆ ನೋವು. ಆಮೇಲೆ ಎರಡೂ ತೋಳಿಗೆ ಸೂಜಿ ಹಾಕಿಸಿಕೊಂಡು ಯಂತ್ರದ ಪಕ್ಕ ಐದು ಗಂಟೆ ಮಲಗಿದೆ. ಕೊನೆಗೆ ಟೊಮೆಟೊ ಸಾರಿನ ಬಣ್ಣದ ಒಂದು ಸಣ್ಣ ಚೀಲ ತುಂಬಿತು. ಇಷ್ಟೇ ನಾನು ಮಾಡಿದ್ದು. ತಂಗಿಯ ಕಷ್ಟದ ಮುಂದೆ ಅದು ಲೆಕ್ಕಕ್ಕಿಲ್ಲ. ಅವಳ ಹಳೆ ಮಜ್ಜೆಯನ್ನು ಸುಡುವ ಔಷಧಿ ಕೊಟ್ಟಿದ್ದರು. ಕೂದಲು ಹೋಗಿ, ಬಾಯಿ ಗಂಟಲೆಲ್ಲ ಹುಣ್ಣಾಗಿ, ಎಂಜಲು ನುಂಗಲೂ ಆಗದೆ ಮಲಗಿದ್ದಳು. ನನ್ನ ಕಣಗಳು ಅವಳಲ್ಲಿ ಹಿಡಿಯಲು ನಾಲ್ಕನೇ ವಾರ ಬಂತು. ಬಿಳಿ ರಕ್ತಕಣ ಏರತೊಡಗಿದ ದಿನ ನರ್ಸ್ ಬಂದು, "ನಿಮ್ಮ ಅಣ್ಣ ಕೆಲಸ ಶುರು ಮಾಡಿದಾರೆ" ಎಂದು ನಗೆಯಾಡಿದರು. ಅದನ್ನು ನಾನು ಎಷ್ಟು ಜನಕ್ಕೆ ಹೇಳಿದೆನೋ.

ವಾರ್ಡಿನಿಂದ ಬಿಟ್ಟ ಮೇಲೆ ಊರಿಗೆ ಹೋಗುವ ಹಾಗಿರಲಿಲ್ಲ, ಕೆಲವು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಬೇಕು. ಭಾವ ಅಂಗಡಿಗೆ ಬಾಗಿಲು ಹಾಕಿ ಅಲ್ಲೇ ಒಂದು ಕೋಣೆ ಬಾಡಿಗೆ ಹಿಡಿದರು. ಏನು ತಿನ್ನಬಹುದು, ಏನು ಕೂಡದು ಎಂಬ ಕಾಗದವನ್ನು ಆಸ್ಪತ್ರೆಯವರು ಕನ್ನಡದಲ್ಲೇ ಕೊಟ್ಟಿದ್ದರು. ಕುದಿಸಿ ಆರಿಸಿದ ನೀರು. ಆಗಷ್ಟೇ ಬೇಯಿಸಿದ ಊಟ. ಹಸಿ ಸೊಪ್ಪು, ಹಸಿ ಚಟ್ನಿ, ಮಜ್ಜಿಗೆ ಕೂಡದು. ಆ ಕಾಗದವನ್ನು ಗೋಡೆಗೆ ಅಂಟಿಸಿದವನು ನಾನೇ. ಅಂಟಿಸಿ, ಒಂದೊಂದು ಸಾಲನ್ನೂ ಕ್ಲಾಸಿನಲ್ಲಿ ಓದುವಂತೆ ಓದಿ, ಭಾವನಿಂದ ಹಿಂದಕ್ಕೆ ಹೇಳಿಸಿದ್ದೆ.

ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊಸನಗರದಿಂದ ಬಸ್ಸು ಹಿಡಿಯುತ್ತಿದ್ದೆ. ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಆಗುಂಬೆ ಘಾಟಿ ಇಳಿದು ಹೋಗುವಷ್ಟರಲ್ಲಿ ಸಂಜೆ. ತಂಗಿ ಏನನ್ನೂ ತಿನ್ನುತ್ತಿರಲಿಲ್ಲ. ಬಾಯಿಹುಣ್ಣು ಪೂರ್ತಿ ಮಾಗಿರಲಿಲ್ಲ, ರುಚಿಯೂ ಸತ್ತುಹೋಗಿತ್ತು. "ಎಂತ ತಿಂದ್ರೂ ಮಣ್ಣು ತಿಂದ ಹಾಗೆ ಆಗ್ತದೆ ಅಣ್ಣಯ್ಯ" ಅನ್ನುವಳು. ಅಷ್ಟು ಚೆನ್ನಾಗಿ ಅಡುಗೆ ಮಾಡುತ್ತಿದ್ದವಳು ಗಂಜಿಯ ಲೋಟ ನೋಡಿ ಮುಖ ತಿರುಗಿಸುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ನಮ್ಮ ಕಡೆಯವರಿಗೆ ಬಾಯಿಹುಣ್ಣು ಎಂದರೆ ಒಂದೆಲಗದ ತಂಬುಳಿ. ಹಸಿ ಎಲೆ, ಕಾಯಿತುರಿ, ಜೀರಿಗೆ ನುಣ್ಣಗೆ ಅರೆದು ಮಜ್ಜಿಗೆಗೆ ಕದಡುವುದು, ಒಲೆಗೆ ತೋರಿಸುವುದೂ ಇಲ್ಲ. ಅಮ್ಮ ಅದನ್ನೇ ಕೊಡುತ್ತಿದ್ದಳು, ಎರಡು ದಿನದಲ್ಲಿ ಹುಣ್ಣು ಮಾಯ. ತಂಬುಳಿಯನ್ನು ನಮ್ಮವರು ಅಡುಗೆ ಅನ್ನುವುದಕ್ಕಿಂತ ಔಷಧಿ ಎಂದೇ ತಿಳಿದಿದ್ದಾರೆ. ಕಾಗದದಲ್ಲಿ ಚಟ್ನಿ ಎಂದು ಬರೆದಿತ್ತು, ಸೊಪ್ಪು ಎಂದು ಬರೆದಿತ್ತು, ಮಜ್ಜಿಗೆ ಎಂದೂ ಬರೆದಿತ್ತು. ತಂಬುಳಿ ಎಂದು ಬರೆದಿರಲಿಲ್ಲ. ಇಷ್ಟು ದೊಡ್ಡ ಮೂರ್ಖತನವನ್ನು ನನ್ನ ಯಾವ ವಿದ್ಯಾರ್ಥಿಯೂ ಉತ್ತರಪತ್ರಿಕೆಯಲ್ಲಿ ಬರೆದಿರಲಾರ.

ಎಲೆ ಕೊಯ್ದದ್ದು ಎಲ್ಲಿಂದ ಎಂಬುದನ್ನೂ ಹೇಳಿಬಿಡಬೇಕು. ನಮ್ಮ ಶಾಲೆಯ ಹಿಂದೆ ಮಕ್ಕಳು ತಟ್ಟೆ ತೊಳೆದ ನೀರು ಹರಿದುಹೋಗುವ ತಗ್ಗಿನಲ್ಲಿ ಒಂದೆಲಗ ಹುಲುಸಾಗಿ ಹಬ್ಬಿತ್ತು. ಎಂಟನೇ ಕ್ಲಾಸಿನವರಿಗೆ ಸೂಕ್ಷ್ಮದರ್ಶಕದಲ್ಲಿ ಜೀವಿಗಳನ್ನು ತೋರಿಸಲು ನಾನು ಪ್ರತಿ ವರ್ಷ ಹನಿ ನೀರು ತರುತ್ತಿದ್ದದ್ದು ಅದೇ ತಗ್ಗಿನಿಂದ. ಆ ಶನಿವಾರ ಅಲ್ಲೇ ಬಗ್ಗಿ ಎರಡು ಹಿಡಿ ಎಲೆ ಕೊಯ್ದು ಬಾಳೆಲೆಯಲ್ಲಿ ಸುತ್ತಿಕೊಂಡೆ.

ನಾನು ತಲುಪಿದಾಗ ಭಾವ ಮಾತ್ರೆ ತರಲು ಆಸ್ಪತ್ರೆಯ ಔಷಧಿ ಅಂಗಡಿಗೆ ಹೋಗಿದ್ದರು. ಎಲೆಯನ್ನು ನಲ್ಲಿ ನೀರಿನಲ್ಲಿ ಎರಡು ಸಲ ತೊಳೆದು ಮಿಕ್ಸಿಗೆ ಹಾಕಿದೆ. ಮಜ್ಜಿಗೆಯ ಪ್ಯಾಕೆಟ್ಟನ್ನು ಬಸ್‌ಸ್ಟ್ಯಾಂಡಿನಿಂದಲೇ ತಂದಿದ್ದೆ. ತಂಗಿ ಮಂಚದ ಮೇಲಿಂದ ನೋಡುತ್ತಿದ್ದಳು.

"ಬ್ಯಾಡ ಅಣ್ಣಯ್ಯ. ಹಸೀದು ಎಂತದೂ ತಿನ್ಬಾರ್ದು ಅಂದಿದಾರಲ್ಲ."

"ನಂಗೇ ಪಾಠ ಮಾಡ್ತೀಯ? ಇದು ತಿನ್ನೋದಲ್ಲ, ಔಷಧಿ."

"ಇವ್ರು ಬರ್ಲಿ. ಡಾಕ್ಟ್ರಿಗೆ ಒಂದು ಫೋನ್ ಮಾಡಿ ಕೇಳಣ."

"ಡಾಕ್ಟ್ರಿಗೆ ಒಂದೆಲಗ ಅಂದ್ರೆ ಎಂತ ಗೊತ್ತು? ಕುಡಿ ಸುಮ್ನೆ. ನಿನ್ನ ಮೈಯಲ್ಲಿ ಈಗ ಇರೋದು ನನ್ನ ರಕ್ತ, ನಂಗೆ ಜೀರ್ಣ ಆಗಿದ್ದು ನಿಂಗೂ ಆಗ್ತದೆ."

ಇದನ್ನು ನಾನು ಹೇಳಿದೆ. ವಿಜ್ಞಾನದ ಮೇಷ್ಟ್ರು ಹೇಳಿದ ಮಾತು ಇದು. ಅವಳು ನನ್ನ ಮುಖ ನೋಡಿದಳು, ಲೋಟ ತೆಗೆದುಕೊಂಡಳು, ಕುಡಿದಳು. ಕುಡಿದು, "ಅಮ್ಮನ ತಂಬುಳಿ ಹಾಗೇ ಇದೆ" ಎಂದಳು. ಎಷ್ಟೋ ವಾರಗಳ ಮೇಲೆ ಅವಳ ನಾಲಿಗೆಗೆ ರುಚಿ ಹತ್ತಿತ್ತು. ನಾನು ಗೆದ್ದವನ ಹಾಗೆ ಲೋಟ ತೊಳೆದಿಟ್ಟೆ. ಭಾವ ಬಂದ ಮೇಲೆ ಅವರಿಗೆ ಹೇಳಲಿಲ್ಲ. ಹೇಳಬಾರದು ಎಂದು ಅನ್ನಿಸಿತ್ತಲ್ಲ, ಅಂದರೆ ತಪ್ಪು ಎಂದು ಆಗಲೇ ನನಗೆ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ಭಾವನ ಫೋನು ಬಂತು. ಚಳಿಜ್ವರ, ನಿಲ್ಲದ ಭೇದಿ, ಮತ್ತೆ ವಾರ್ಡಿಗೆ ಸೇರಿಸಿದ್ದಾರೆ. ಶಾಲೆಗೆ ರಜೆ ಹಾಕಿ ಓಡಿದೆ. ಡಾಕ್ಟರು ಮಂಚದ ಪಕ್ಕ ನಿಂತು ಕೇಳಿದರು, "ಹೊರಗಿನದು, ಹಸಿಯದು, ಏನಾದರೂ ತಿಂದರಾ? ಚೂರಾದರೂ ಪರವಾಗಿಲ್ಲ, ಹೇಳಿ."

ತಂಗಿ ನನ್ನ ಕಡೆ ನೋಡಿದಳು. ಭಾವ ಇಲ್ಲವೆಂದು ತಲೆಯಾಡಿಸಿದರು, ಪಾಪ, ಅವರಿಗೆ ಗೊತ್ತಿರಲಿಲ್ಲ. ನಾನು ಬಾಯಿಬಿಟ್ಟೆ. "ಇಲ್ಲ ಡಾಕ್ಟ್ರೇ. ಆ ವಿಷಯದಲ್ಲಿ ನಾನು ತುಂಬಾ ಸ್ಟ್ರಿಕ್ಟು."

ಏನೂ ತಿಂದಿಲ್ಲ ಎಂದಮೇಲೆ ಡಾಕ್ಟರ ಅನುಮಾನ ಬೇರೆ ಕಡೆ ತಿರುಗಿತು. ಅಣ್ಣನ ಕಣಗಳು ತಂಗಿಯ ಕರುಳಿನ ಮೇಲೆ ತಿರುಗಿಬಿದ್ದಿರಬೇಕು ಎಂದರು. ವರದಿಗಳು ಬರುವವರೆಗೆ ಕಾಯುವುದು ಅಪಾಯವೆಂದು ಆ್ಯಂಟಿಬಯಾಟಿಕ್ ಜೊತೆಗೆ ಸ್ಟೆರಾಯ್ಡನ್ನು ದೊಡ್ಡ ಪ್ರಮಾಣದಲ್ಲಿ ಶುರು ಮಾಡಿದರು. ಸ್ಟೆರಾಯ್ಡು ಕಾದಾಡುವ ಕಣಗಳನ್ನು ಅಡಗಿಸುತ್ತದೆ, ಆದರೆ ನಿಜವಾಗಿ ಇರುವುದು ಸೋಂಕಾದರೆ ಅದಕ್ಕೆ ಬಾಗಿಲು ತೆರೆದುಕೊಡುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು, ಡಾಕ್ಟರು ಹೇಳಿದ್ದೇ ನಿಜವಾಗಿರಲಿ ಎಂದು ದೇವರಿಗೆ ಬೇಡಿಕೊಂಡೆ. ತಂಗಿ ಉಳಿಯಲಿ ಎಂದು ಬೇಡಿದ್ದು ಅದಾದ ಮೇಲೆ. ಈ ಕ್ರಮವನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

ಮೂರು ದಿನ ಅವಳು ಇಳಿಯುತ್ತಲೇ ಹೋದಳು. ಉಸಿರಿಗೆ ಆಮ್ಲಜನಕ ಇಟ್ಟರು. ನಾಲ್ಕನೇ ದಿನ ಡಾಕ್ಟರು ವರದಿ ಹಿಡಿದು ಬಂದರು. ರಕ್ತದಲ್ಲಿ ರೋಗಾಣು ಬೆಳೆದಿದೆ, ಮಣ್ಣಲ್ಲಿ ಕೊಳಚೆ ನೀರಲ್ಲಿ ಇರುವಂಥದು, ಎಲ್ಲಿಂದಲೋ ಹೊಟ್ಟೆಗೆ ಹೋಗಿದೆ. "ದಯವಿಟ್ಟು ಹೇಳಿ. ಸ್ಟೆರಾಯ್ಡು ಇಳಿಸುವುದಾ ಬೇಡವಾ ಎಂದು ನಾನು ಈಗಲೇ ತೀರ್ಮಾನ ಮಾಡಬೇಕು" ಎಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾನು ನೆಲ ನೋಡುತ್ತ ನಿಂತೆ. ಹೇಳಬೇಕು ಅನ್ನಿಸಿತು. ಆದರೆ ನಾಲ್ಕು ದಿನದ ಹಿಂದೆ ಇಲ್ಲ ಎಂದವನು ಈಗ ಹೌದು ಎಂದರೆ ಭಾವನ ಎದುರು, ಆ ನರ್ಸುಗಳ ಎದುರು ಏನಾಗುತ್ತೇನೆ ಎಂಬುದೇ ತಲೆಯಲ್ಲಿತ್ತು.

ತಂಗಿ ಮುಖಕ್ಕೆ ಹಾಕಿದ್ದ ಮಾಸ್ಕನ್ನು ಕೈಯಿಂದ ಸರಿಸಿದಳು. "ನಾನೇ ತಂಬುಳಿ ಮಾಡ್ಕೊಂಡು ಕುಡ್ದೆ ಡಾಕ್ಟ್ರೇ. ಇವ್ರು ಮಾತ್ರೆ ತರಕ್ಕೆ ಹೋದಾಗ ಸೊಪ್ಪು ಮಾರೋಳು ಬಂದಿದ್ಲು. ಆಸೆ ಆಯ್ತು" ಎಂದಳು. ಹೇಳಿ ನನ್ನ ಕಡೆ ನೋಡಿದಳು. ಎಷ್ಟು ಹೊತ್ತು ನೋಡಿದಳೋ. ಮಾಸ್ಕು ಇನ್ನೂ ಅವಳ ಕೈಯಲ್ಲೇ ಇತ್ತು.

ಆಗ ನಾನು ಹೇಳಿದ್ದು ಇದು. "ಎಂತ ಮಾರಾಯ್ತಿ ನೀನು. ಒಂಚೂರು ಬಾಯಿ ಕಟ್ಟಕ್ಕಾಗ್ಲಿಲ್ವಾ? ಗೋಡೆ ಮೇಲೆ ಅಂಟಿಸಿ ಹೋಗಿದ್ದೆ ಅಲ್ಲ ನಾನು!"

ಅವಳು ಮಾಸ್ಕನ್ನು ಮತ್ತೆ ಎಳೆದುಕೊಂಡು ಕಣ್ಣು ಮುಚ್ಚಿದಳು.

ಸ್ಟೆರಾಯ್ಡು ಇಳಿಸಿದರು, ಔಷಧಿ ಬದಲಿಸಿದರು. ತಂಗಿ ಉಳಿದಳು. ಒಂದು ವರ್ಷದ ಮೇಲೆ ಮತ್ತೆ ಮೂಳೆಯ ಚೂರು ತೆಗೆದು ನೋಡಿದಾಗ ನಾರಿನ ಹೆಣಿಗೆ ಬಹುಪಾಲು ಕರಗಿತ್ತು, ಇಷ್ಟು ಚೆನ್ನಾಗಿ ಆಗುವುದು ನೋಡಲು ಖುಷಿಯಾಗುತ್ತದೆ ಎಂದರು ಡಾಕ್ಟರು. ಗುಲ್ಮ ಇಳಿದಿದೆ. ಓ ಪಾಸಿಟಿವ್ ಇದ್ದ ಅವಳ ರಕ್ತದ ಗುಂಪು ಈಗ ನನ್ನ ಬಿ ಪಾಸಿಟಿವ್. ಆದರೆ ಬಲಗಡೆಯ ಸೊಂಟದ ಕೀಲು ಸವೆದು ಹಾಳಾಗಿದೆ, ಕಾಲೆಳೆದು ನಡೆಯುತ್ತಾಳೆ. ಆ ದಿನಗಳ ಸ್ಟೆರಾಯ್ಡಿನಿಂದ ಆಗಿರಬಹುದು, ಆಮೇಲೆ ಕೊಟ್ಟ ಔಷಧಿಯಿಂದಲೂ ಇರಬಹುದು, ಇದರಿಂದಲೇ ಎಂದು ಯಾರಿಗೂ ಹೇಳಲಾಗದು ಎಂದರು. ನಾನು ಆ ಅನುಮಾನದ ಮರೆಯಲ್ಲಿ ಸ್ವಲ್ಪ ದಿನ ಹಾಯಾಗಿದ್ದೆ.

ಈ ನಡುವೆ ಹೊಸನಗರದಲ್ಲಿ ನನಗೆ ಸನ್ಮಾನವಾಯಿತು. ನಮ್ಮ ಕಡೆ ಯಾರಾದರೂ ಒಂದು ಒಳ್ಳೆಯ ಕೆಲಸ ಮಾಡಿದರೆ ಶಾಲು ಹೊದಿಸದೆ ಬಿಡುವುದಿಲ್ಲ. ತಂಗಿಗೆ ಮರುಜನ್ಮ ಕೊಟ್ಟ ಅಣ್ಣ ಎಂದು ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ಬೇಡ ಎನ್ನಬಹುದಿತ್ತು. ಹೊಸ ಅಂಗಿ ಹೊಲಿಸಿಕೊಂಡು ಹೋದೆ. ಕಾಂಡಕೋಶ ದಾನದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ರೋಗಿಗಳು ಹಸಿ ಪದಾರ್ಥದ ಆಸೆ ಬಿಡಬೇಕು ಎಂದು ಅಲ್ಲೂ ಉಪದೇಶ ಮಾಡಿದೆ. ಚಪ್ಪಾಳೆ ಬಿತ್ತು.

ಸಾಗರದ ಮನೆಯಲ್ಲಿ ಏನಾಗಿದೆ ಎಂದು ಗೊತ್ತಾಗಲು ನನಗೆ ಹೊತ್ತು ಹಿಡಿಯಿತು. ತಂಗಿ ಊರಿಗೆ ಮರಳಿದ ಮೇಲೆ ಅತ್ತೆ ಅಡುಗೆಮನೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಮೊದಮೊದಲು ಅದು ಕಾಳಜಿಯೇ. ಡಾಕ್ಟರು ಎಲ್ಲ ತಿನ್ನಬಹುದು, ಎಲ್ಲ ಮಾಡಬಹುದು ಎಂದ ಮೇಲೂ ಬಿಟ್ಟುಕೊಡಲಿಲ್ಲ. ಕಾಲಿನ ದೆಸೆಯಿಂದ ಅಲ್ಲ, ನಾಲಿಗೆಯ ದೆಸೆಯಿಂದ. ಬಂದವರ ಎದುರೆಲ್ಲ, "ಇವಳನ್ನ ಅಡುಗೆಮನೇಲಿ ಒಬ್ಳೇ ಬಿಡಕ್ಕಾಗಲ್ಲ. ಅಣ್ಣ ಕೊಟ್ಟ ಜೀವಾನ ನಾಲ್ಗೆ ಚಪಲಕ್ಕೆ ಕಳ್ಕೊಳ್ತಿದ್ಲು" ಅನ್ನುತ್ತಿದ್ದರು. ಇಪ್ಪತ್ತೈದು ವರ್ಷ ಎಲ್ಲರಿಗೂ ಬಡಿಸಿದವಳು ಹೊಸ್ತಿಲ ಈಚೆ ಸ್ಟೂಲಿನಲ್ಲಿ ಕೂತು ಬೀನ್ಸಿನ ನಾರು ಬಿಡಿಸುತ್ತಿದ್ದಳು. ಉಪ್ಪು ಸಾಕಾ ಎಂದು ಕೂಡ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ನಾನು ಹೋದಾಗಲೆಲ್ಲ ಆ ಮಾತು ಬರುತ್ತಿತ್ತು. ತಲೆ ತಗ್ಗಿಸಿ ಉಂಡು ಬರುತ್ತಿದ್ದೆ.

ಹೀಗೆ ಎರಡು ವರ್ಷ ಕಳೆಯಿತು. ಕಳೆದ ತಿಂಗಳು ಒಂದು ಭಾನುವಾರ ಸಾಗರಕ್ಕೆ ಹೋಗಿದ್ದೆ. ನಾವು ಉಣ್ಣುತ್ತಿದ್ದಾಗ ಅತ್ತೆ ಒಳಗೆ ಹಪ್ಪಳ ಕರಿಯುತ್ತಿದ್ದರು. ಸಾರು ತರೋಣವೆಂದು ತಂಗಿ ಎದ್ದು ಒಳಗೆ ಹೋದಳು. "ನೀ ಎಂತಕ್ಕೆ ಬಂದೆ? ಮುಟ್ಬೇಡ, ಹೋಗಿ ಕೂತ್ಕ" ಎಂದದ್ದು ನಮಗೆಲ್ಲ ಕೇಳಿಸಿತು. ತಂಗಿ ಬರಿಗೈಯಲ್ಲಿ ವಾಪಸು ಬಂದು ಕೂತಳು. ನಗಲು ನೋಡಿದಳು. ಐವತ್ತೆರಡು ವರ್ಷದ ಹೆಂಗಸು.

"ಅತ್ತೆಮ್ಮ, ಸ್ವಲ್ಪ ಹೊರಗೆ ಬನ್ನಿ" ಎಂದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದರು. ಉಂಡ ಕೈಯಲ್ಲೇ ಹೇಳಿದೆ. ಒಂದೆಲಗ ತಂದವನು ನಾನು, ಶಾಲೆಯ ಹಿಂದಿನ ಕೊಳಚೆಯಿಂದ ಕೊಯ್ದವನು ನಾನು, ಅರೆದವನು ನಾನು, ಅವಳು ಬೇಡ ಎಂದರೂ ಬೈದು ಕುಡಿಸಿದವನು ನಾನು, ಡಾಕ್ಟರಿಗೆ ಸುಳ್ಳು ಹೇಳಿದವನೂ ನಾನು. ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಅಳು ಬಂತು. ಎಂದೋ ಇಳಿಸಬೇಕಾಗಿದ್ದ ಹೊರೆ, ಈಗಲಾದರೂ ಇಳಿಯಿತು ಅಂದುಕೊಂಡೆ.

ಅತ್ತೆಯ ಕಣ್ಣಲ್ಲೂ ನೀರು ಬಂತು. ಸೊಸೆಯ ಕಡೆ ತಿರುಗಿದರು. "ನೋಡಿದ್ಯಾ? ಅಣ್ಣ ಅಂದ್ರೆ ಹೀಗಿರ್ಬೇಕು. ರಕ್ತ ಕೊಟ್ಟಿದ್ದು ಸಾಲ್ದು ಅಂತ ನಿನ್ನ ತಪ್ಪನ್ನೂ ತಾವೇ ಹೊತ್ಕಳ್ತಿದಾರೆ."

"ಇಲ್ಲ ಅತ್ತೆಮ್ಮ, ಇದು ನಿಜ" ಎಂದೆ. "ಭಾವ, ನೀವಾದ್ರೂ ನಂಬಿ."

ಭಾವ ಅನ್ನವನ್ನು ಎಲೆಯ ಅಂಚಿಗೆ ಸರಿಸಿದರು. ಕೆಡುಕಿಲ್ಲದ ಮನುಷ್ಯ. "ಬಿಡಿ ಭಾವ, ಎಂತಕ್ಕೆ ಹೀಗೆ ಹೇಳ್ತಿದೀರಿ ಅಂತ ಗೊತ್ತಾಗುತ್ತೆ. ಆದ್ರೆ ಆವತ್ತು ನಾನೂ ಅಲ್ಲೇ ಇದ್ನಲ್ಲ. ಗೋಡೆ ಮೇಲೆ ಅಂಟಿಸಿ ಹೋಗಿದ್ದೆ ಅಂತ ನೀವೇ ಅವಳಿಗೆ ಬೈದ್ರಿ. ನಂಗೆ ಈಗ್ಲೂ ಕಿವೀಲಿದೆ."

ಆಣೆ ಮಾಡುತ್ತೇನೆ ಎಂದೆ. ಅತ್ತೆ ಬೇಡ ಬೇಡ ಎಂದು ಕೈ ಹಿಡಿದುಕೊಂಡರು, ಹಿಡಿದುಕೊಂಡು ನನ್ನ ಎಲೆಗೆ ಇನ್ನೆರಡು ಹಪ್ಪಳ ಹಾಕಿದರು. ತಂಗಿ ತನ್ನ ಎಲೆ ಮಡಚಿದಳು.

ಬಸ್ಸಿಗೆ ಹೊರಟಾಗ ಅವಳು ಕಾಲೆಳೆಯುತ್ತ ಗೇಟಿನವರೆಗೆ ಬಂದಳು. ನೀನಾದರೂ ಒಳಗೆ ಹೋಗಿ ನಿಜ ಹೇಳು ಎಂದೆ. ನಾನು ಹೇಳಿದರೆ ಅಣ್ಣನ ಮಾತಿಗೆ ಹೂಂಗುಟ್ಟುತ್ತಿದ್ದಾಳೆ ಅಂತಾರೆ ಎಂದಳು. ಕ್ಷಮಿಸು ಎಂದೆ, ನನ್ನನ್ನು ಉಳಿಸಲು ನೀನು ಇಷ್ಟೆಲ್ಲ ಹೊತ್ತುಕೊಂಡೆ ಎಂದೆ.

ಅವಳು ಗೇಟಿನ ಸರಳು ಹಿಡಿದು ನಿಂತು ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿನ್ನ ಉಳಿಸಕ್ಕೆ ಅಲ್ಲ ಅಣ್ಣಯ್ಯ ನಾನು ಹೇಳಿದ್ದು" ಎಂದಳು. "ನಿಂಗೆ ಶುರು ಮಾಡಕ್ಕೆ ಕಷ್ಟ ಆಗ್ತಿದೆ ಅನ್ನಿಸ್ತು. ನಾನು ಸುಳ್ಳು ಹೇಳಿದ್ರೆ ನೀನು 'ಅಲ್ಲ, ನಾನೇ ಕೊಟ್ಟಿದ್ದು' ಅಂತ ತಡೀತೀಯ ಅಂದ್ಕೊಂಡೆ. ಮಾಸ್ಕ್ ತೆಗ್ದು ಹಿಡ್ಕೊಂಡು ಎಷ್ಟು ಹೊತ್ತು ಕಾದೆ."

ಒಳಗಿನಿಂದ ಅತ್ತೆ, ಬಿಸಿಲಲ್ಲಿ ನಿಲ್ಲಬೇಡ ಎಂದು ಕರೆದರು. ಬಂದೆ ಎಂದು ಹೇಳಿ ಅವಳು ಮನೆಯ ಕಡೆ ತಿರುಗಿದಳು.